ರಸ್ತೆಗೆ ಎಷ್ಟು ಕುದುರೆ ಸಾಕು?

ನಮ್ಮಲ್ಲಿ ಯಾರಾದರೂ ಹೊಸ ಕಾರು ತಂದರೆ ನೆರೆಮನೆಯವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಅದೇ ಎರಡು ಬಾಗಿಲಿನ, ನೆಲಕ್ಕೆ ಅಂಟಿದಂತಿರುವ ಕಾರೊಂದು ಬಂದು ನಿಂತರೆ ಪ್ರಶ್ನೆ ಬದಲಾಗುತ್ತದೆ: ‘ಎಷ್ಟು ಎಚ್‌ಪಿ?’ ಮುನ್ನೂರು ಎಂದರೆ ಹುಬ್ಬೇರುತ್ತದೆ. ಆರುನೂರು ಎಂದರೆ ಜೇಬಿನಿಂದ ಮೊಬೈಲ್ ಹೊರಬರುತ್ತದೆ. ನೂರಿಪ್ಪತ್ತು ಎಂದರೆ ಬರುವ ಉತ್ತರ, ‘ಅಷ್ಟೇನಾ?’

ಈ ವಾರದ ಅಂಕಣ ಆ ನೂರಿಪ್ಪತ್ತರ ವಕಾಲತ್ತು. ರೇಸ್ ಟ್ರ್ಯಾಕಿನ ಮಾತು ಬೇರೆ, ಅದನ್ನು ಬದಿಗಿಡೋಣ. ಲಾರಿ, ಬಸ್ಸು, ಹಂಪು, ಎಮ್ಮೆ ಎಲ್ಲ ಇರುವ ರಸ್ತೆಯಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರಿಗೆ, ಅದರ ತೂಕದ ಪ್ರತಿ ಟನ್ನಿಗೆ 120ರಿಂದ 160 ಅಶ್ವಶಕ್ತಿ ಇದ್ದರೆ ಸಾಕು ಎಂಬುದು ನನ್ನ ನಿಲುವು. ಅದಕ್ಕಿಂತ ಹೆಚ್ಚಿನದು ಮಾತಿಗೆ ಒದಗುತ್ತದೆ, ದಾರಿಗೆ ಒದಗುವುದಿಲ್ಲ.

ಈ ಪ್ರಶ್ನೆಯನ್ನು ಇಡೀ ದೇಶವೇ ಗಂಭೀರವಾಗಿ ತೆಗೆದುಕೊಂಡ ಕಾಲವೊಂದಿತ್ತು. ಅದು 1980ರ ದಶಕದ ಕೊನೆಯ ಜಪಾನ್. ದುಡ್ಡು ಹರಿದಾಡುತ್ತಿತ್ತು, ಕಾರು ಕಂಪನಿಗಳು ಎಚ್‌ಪಿ ಏರಿಸುವ ಪೈಪೋಟಿಗೆ ಇಳಿದಿದ್ದವು, ರಸ್ತೆ ಸಾವುಗಳೂ ಏರುತ್ತಿದ್ದವು. ಕಾನೂನು ಬರುವ ಮೊದಲೇ ಕಂಪನಿಗಳು ತಮ್ಮೊಳಗೆ ಒಂದು ಒಪ್ಪಂದಕ್ಕೆ ಬಂದವು: ದೇಶದೊಳಗೆ ಮಾರುವ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಅಶ್ವಶಕ್ತಿ ಘೋಷಿಸುವಂತಿಲ್ಲ. 1989ರಲ್ಲಿ ಬಂದ ನಿಸಾನ್ 300ಝಡ್‌ಎಕ್ಸ್ ಆ ಅಂಕಿಯನ್ನು ಮೊದಲು ಮುಟ್ಟಿತು. ಮುಂದೆ ಹದಿನೈದು ವರ್ಷ ಯಾರೂ ಬಹಿರಂಗವಾಗಿ ಅದನ್ನು ದಾಟಲಿಲ್ಲ. 2004ರಲ್ಲಿ ಹೋಂಡಾ ಲೆಜೆಂಡ್ 300ರ ಅಂಕಿ ಹೊತ್ತು ಬಂದಾಗ ಆ ಅಧ್ಯಾಯ ಮುಗಿಯಿತು. ಅಷ್ಟರೊಳಗೆ ಬಂದ ಕೆಲವು ಕಾರುಗಳು ಕಾಗದದಲ್ಲಿ 280, ಬೋನೆಟ್ಟಿನ ಕೆಳಗೆ ಇನ್ನೂ ಹೆಚ್ಚು ಎಂಬುದು ಗುಟ್ಟಾಗಿ ಉಳಿದಿರಲಿಲ್ಲ ಅನ್ನಿ.

ಅದೇ 1989ರಲ್ಲಿ ಅದೇ ದೇಶದಲ್ಲಿ ಇನ್ನೂ ಎರಡು ಕಾರು ಹುಟ್ಟಿದವು. ಒಂದು ನಿಸಾನ್ ಸ್ಕೈಲೈನ್ ಜಿಟಿ-ಆರ್: 280 ಅಶ್ವಶಕ್ತಿ, ಸುಮಾರು 1,430 ಕೆ.ಜಿ., ಶಕ್ತಿಯನ್ನು ನೆಲಕ್ಕಿಳಿಸಲು ನಾಲ್ಕು ಚಕ್ರಕ್ಕೂ ಎಳೆತ. ಇನ್ನೊಂದು ಮಜ್ದಾ ಕಂಪನಿಯ ಪುಟ್ಟ ತೆರೆದ ಕಾರು, ಹೊರಜಗತ್ತಿಗೆ ಎಂಎಕ್ಸ್-5: 1.6 ಲೀಟರ್ ಎಂಜಿನ್, 120 ಅಶ್ವಶಕ್ತಿ, ಸುಮಾರು 940 ಕೆ.ಜಿ., ಹಿಂಬದಿಯ ಎರಡು ಚಕ್ರಕ್ಕಷ್ಟೇ ಎಳೆತ. ಎರಡು ವರ್ಷ ಕಳೆದು 1991ರಲ್ಲಿ ಹೋಂಡಾ ಬೀಟ್ ಬಂತು: 656 ಸಿಸಿಯ ಮೂರು ಸಿಲಿಂಡರ್ ಎಂಜಿನ್, 64 ಅಶ್ವಶಕ್ತಿ, ಅದನ್ನು ಪೂರ್ತಿ ಪಡೆಯಲು ಎಂಜಿನ್ನನ್ನು 8,100 ಆರ್‌ಪಿಎಂವರೆಗೆ ರೈಸ್ ಮಾಡಬೇಕು. 64, 120, 280. ಓಡುವ ಹೆದ್ದಾರಿ ಒಂದೇ, ಅಲ್ಲಿ ಆಗ ಯಾವ ಕಾರೂ ದಾಟುವಂತಿರದ ಮಿತಿ ಗಂಟೆಗೆ 100 ಕಿ.ಮೀ. ಇಂದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕಾಯುತ್ತಿರುವುದೂ ಅದೇ ನೂರನ್ನು. ಹಾಗಾಗಿ ಜಪಾನಿನ ಆ ಮೂರು ಉತ್ತರಗಳಲ್ಲಿ ಯಾವುದು ಸರಿ ಎಂಬುದು ನಮಗೂ ಸಂಬಂಧಪಟ್ಟ ಪ್ರಶ್ನೆ.

ಮೊದಲು ಕಾರಿಗೆ ನಿಜವಾಗಿ ಎಷ್ಟು ಬೇಕು ಎಂದು ನೋಡೋಣ. ಸಮತಟ್ಟಾದ ದಾರಿಯಲ್ಲಿ ಸಾಧಾರಣ ಗಾತ್ರದ ಕಾರೊಂದು 100ರಲ್ಲಿ ಸಾಗಲು ಗಾಳಿಯನ್ನು ಸೀಳಬೇಕು, ಟೈರಿನ ಉರುಳು ತಡೆಯನ್ನು ಗೆಲ್ಲಬೇಕು. ಎರಡಕ್ಕೂ ಸೇರಿ ಬೇಕಾದದ್ದು ಸುಮಾರು 16 ಅಶ್ವಶಕ್ತಿ. ಹೌದು, ಹದಿನಾರೇ. ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುವ ಕಾರು ಕಡಿದಾದ ಘಾಟಿಯನ್ನು ಅರುವತ್ತರ ವೇಗದಲ್ಲಿ ಏರುವಾಗ ಏರಿಗೆಂದೇ ಇನ್ನೊಂದು ಇಪ್ಪತ್ತು ಸೇರಿಸಿಕೊಳ್ಳಿ. ಆದರೆ ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಅದೇ ಕಾರಿಗೆ 200ರಲ್ಲಿ ಸುಮಾರು 100 ಅಶ್ವಶಕ್ತಿ ಬೇಕು, 300ರಲ್ಲಿ 300ಕ್ಕೂ ಹೆಚ್ಚು. 2005ರ ಬುಗಾಟಿ ವೇರಾನ್ 400 ಕಿ.ಮೀ. ದಾಟಲು ಹದಿನಾರು ಸಿಲಿಂಡರ್, 1,001 ಅಶ್ವಶಕ್ತಿ ಹೊತ್ತು ಬಂದದ್ದು ಈ ಗಣಿತದಿಂದಾಗಿಯೇ. ದೊಡ್ಡ ಅಂಕಿಗಳೆಲ್ಲ ದೊಡ್ಡ ವೇಗಕ್ಕಾಗಿ ಹುಟ್ಟಿದವು. ಆ ವೇಗವೇ ಇಲ್ಲದ ಕಡೆ ಅವುಗಳಿಗೆ ಮಾಡಲು ಕೆಲಸವಿಲ್ಲ.

‘ಸಾಗುವುದಕ್ಕಲ್ಲ ಸ್ವಾಮಿ, ಪಿಕಪ್‌ಗೆ ಬೇಕು’ ಎನ್ನುತ್ತೀರಿ. ಒಪ್ಪಿದೆ. ಆದರೆ ಪಿಕಪ್ಪಿನ ಕೊನೆಯ ಮಾತು ಟೈರಿನದು. ಎಂಜಿನ್ ಎಷ್ಟೇ ತಿರುಚಿದರೂ ಅಂಗೈಯಗಲದ ರಬ್ಬರು ಡಾಂಬರನ್ನು ಹಿಡಿದಷ್ಟೇ ಮುಂದಕ್ಕೆ ನೂಕುವುದು. 1,200 ಕೆ.ಜಿ. ತೂಗುವ, ಹಿಂದಿನ ಚಕ್ರಕ್ಕೆ ಎಳೆತವಿರುವ ಕಾರೊಂದನ್ನು ತೆಗೆದುಕೊಳ್ಳಿ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಎರಡು ಚಕ್ರಗಳು ನೆಲಕ್ಕೆ ದಾಟಿಸಬಲ್ಲದ್ದು ಸುಮಾರು 130 ಅಶ್ವಶಕ್ತಿ ಮಾತ್ರ. ಮಳೆ ಬಂದು ರಸ್ತೆ ನೆನೆದರೆ ಅದು ಎಂಬತ್ತರ ಸುತ್ತಮುತ್ತ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಕಳಿಸಿದರೆ ಚಕ್ರ ಸುತ್ತುತ್ತದೆ, ಕಾರು ಹೋಗುವುದಿಲ್ಲ. ಇಂದಿನ ಕಾರಾದರೆ ಕಂಪ್ಯೂಟರೇ ನಡುವೆ ಬಂದು ನೀವು ದುಡ್ಡು ಕೊಟ್ಟು ತಂದ ಕುದುರೆಗಳನ್ನು ಲಾಯಕ್ಕೆ ವಾಪಸು ಕಟ್ಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಲ್ಲಿ ಹಾಸಿಗೆಯ ಜಾಗದಲ್ಲಿ ಟೈರನ್ನು ಇಟ್ಟು ನೋಡಿ.

ಈಗ ನಮ್ಮ ರಸ್ತೆಗಳನ್ನು ನೆನೆಯಿರಿ. ಕಾರು ಓಡಿಸುವ ಖುಷಿ ಎಂದರೆ ನಮಗೆ ನೆನಪಾಗುವುದು ಚಾರ್ಮಾಡಿ, ಆಗುಂಬೆ, ನಂದಿಬೆಟ್ಟದ ದಾರಿ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಯಾರೇ ಆದರೂ ಇಪ್ಪತ್ತು ಮೂವತ್ತಕ್ಕಿಳಿದು, ನಡುವಿನ ತುಂಡು ದಾರಿಯಲ್ಲಿ ಐವತ್ತು ಅರುವತ್ತು ಮುಟ್ಟಿ, ಮತ್ತೆ ಬ್ರೇಕ್ ಒತ್ತುತ್ತಾರೆ. ಮಳೆಗಾಲದಲ್ಲಿ ಆ ಡಾಂಬರು ಒದ್ದೆ. ಅಂದರೆ ಟೈರಿನ ಲೆಕ್ಕ ಅತ್ಯಂತ ಬಿಗಿಯಾಗಿರುವ ಜಾಗದಲ್ಲೇ ನಮ್ಮ ಸಂತೋಷ ಇರುವುದು. ಆಗುಂಬೆಯ ಮಳೆಯಲ್ಲಿ 120 ಅಶ್ವಶಕ್ತಿಯ ಎಂಎಕ್ಸ್-5ಗೂ 420ರ ಪೋರ್ಶೆಗೂ ಹಿಂದಿನ ಚಕ್ರದಲ್ಲಿ ದಕ್ಕುವ ಶಕ್ತಿಯಲ್ಲಿ ನೀವು ಕೊಟ್ಟ ಹಣದಷ್ಟು ಅಂತರ ಇರುವುದಿಲ್ಲ.

ಪೋರ್ಶೆಯ ಹೆಸರೆತ್ತಿದ್ದರಿಂದ ಗೇರಿನ ಮಾತನ್ನೂ ಆಡಿಬಿಡಬೇಕು. ಎಚ್‌ಪಿ ಕೇಳುವವರು ಬಹಳ, ಗೇರ್ ಎಷ್ಟು ಉದ್ದ ಎಂದು ಕೇಳುವವರು ವಿರಳ. 718 ಕೇಮನ್ ಜಿಟಿ4 ನನ್ನ ಪಾಲಿಗೆ ಈ ಕಾಲದ ಅತ್ಯುತ್ತಮ ಕಾರುಗಳಲ್ಲೊಂದು. ನಾಲ್ಕು ಲೀಟರಿನ ಎಂಜಿನ್, ಟರ್ಬೊ ಇಲ್ಲ, 8,000 ಆರ್‌ಪಿಎಂವರೆಗೆ ಏರುತ್ತ ಹೋಗುವ ದನಿ. ಆದರೆ ಅದರ ಎರಡನೆಯ ಗೇರ್ ಗಂಟೆಗೆ 135 ಕಿ.ಮೀ. ದಾಟುವವರೆಗೂ ಮುಗಿಯುವುದಿಲ್ಲ. ಆ ಎಂಜಿನ್ನಿನ ರುಚಿ ಇರುವುದೇ ಕೊನೆಯ ಎರಡು ಸಾವಿರ ಆರ್‌ಪಿಎಂನಲ್ಲಿ, ಮತ್ತು ನಮ್ಮ ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಅದನ್ನು ಸವಿಯಲು ಹೋದರೆ ದಂಡದ ಚೀಟಿ ಮನೆಗೆ ಬರುತ್ತದೆ. ಹಳೆಯ ಎಂಎಕ್ಸ್-5ರ ಎರಡನೇ ಗೇರ್ ತೊಂಬತ್ತರ ಆಸುಪಾಸಿಗೆ ಮುಗಿಯುತ್ತದೆ. ನೂರರ ಮಿತಿಯೊಳಗೇ ಎರಡು ಗೇರು ಪೂರ್ತಿ ಹಿಂಡಿ, ಮೂರನೆಯದಕ್ಕೆ ಕೈ ಹಾಕಬಹುದು.

ಇದರಿಂದ ನಾನು ಕಂಡುಕೊಂಡ ಅಳತೆಗೋಲು ಒಂದಿದೆ. ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಎಷ್ಟು ಹೊತ್ತು ಹಿಡಿಯಬಹುದು? ನಲವತ್ತರಿಂದ ನೂರಕ್ಕೆ ಏರಲು ಎಂಎಕ್ಸ್-5 ತೆಗೆದುಕೊಳ್ಳುವುದು ಆರು ಸೆಕೆಂಡಿನ ಆಚೀಚೆ. ಆರು ಸೆಕೆಂಡ್ ಎಂದರೆ ದನಿ ಏರುವುದನ್ನು ಕೇಳಿ, ಗೇರ್ ಬದಲಿಸಿ, ಮತ್ತೆ ಒತ್ತುವಷ್ಟು ಕಾಲಾವಕಾಶ. 650 ಅಶ್ವಶಕ್ತಿಯ ಪೋರ್ಶೆ 911 ಟರ್ಬೊ ಎಸ್ ನಿಂತಲ್ಲಿಂದ ನೂರಕ್ಕೆ ಹೋಗುವುದೇ 2.7 ಸೆಕೆಂಡಿನಲ್ಲಿ. ನಲವತ್ತರಿಂದ ನೂರು ಎಂದರೆ ಎರಡು ಸೆಕೆಂಡೂ ಸಿಗುವುದಿಲ್ಲ. ಕಣ್ಣು ಮಿಟುಕಿಸಿ ಬಿಡುವಷ್ಟರಲ್ಲಿ ಸಂತೋಷ ಮುಗಿದು, ಉಳಿದ ದಾರಿಯಲ್ಲೆಲ್ಲ ಕಾಲನ್ನು ತಡೆದಿಟ್ಟುಕೊಳ್ಳುವುದೇ ಕೆಲಸ.

ಹಾಗಂತ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ವೈರಾಗ್ಯ ಬೋಧಿಸುತ್ತಿಲ್ಲ. ಹಾಸನದಾಚೆ ಎರಡೇ ಲೇನಿನ ರಸ್ತೆಯಲ್ಲಿ ಐವತ್ತರಲ್ಲಿ ಹೋಗುವ ಲಾರಿಯನ್ನು ಹಿಂದೆ ಹಾಕುವಾಗ ಶಕ್ತಿ ಎಂದರೆ ಸುರಕ್ಷತೆಯೇ. ಲೆಕ್ಕ ಹಾಕಿ ನೋಡಿ: ಲಾರಿಯ ಹಿಂದಿನ ಅಂತರ, ಲಾರಿಯ ಉದ್ದ, ಮುಂದೆ ಸೇರಿಕೊಳ್ಳುವ ಅಂತರ ಎಲ್ಲ ಸೇರಿ ಲಾರಿಗಿಂತ 45 ಮೀಟರ್ ಹೆಚ್ಚು ಸಾಗಬೇಕು. ಟನ್ನಿಗೆ 50–60 ಅಶ್ವಶಕ್ತಿಯ ಹಳೆಯ ಸಣ್ಣ ಕಾರು ಎದುರು ಲೇನಿನಲ್ಲಿ ಎಂಟೂವರೆ ಸೆಕೆಂಡ್ ಕಳೆಯುತ್ತದೆ. ಟನ್ನಿಗೆ 130 ಇದ್ದರೆ ಆರು ಸೆಕೆಂಡ್. ಉಳಿದ ಎರಡೂವರೆ ಸೆಕೆಂಡ್ ಎಂದರೆ ಎದುರಿನಿಂದ ಎಪ್ಪತ್ತರಲ್ಲಿ ಬರುವ ಬಸ್ಸು ಸುಮಾರು ಐವತ್ತು ಮೀಟರ್ ದೂರ ಉಳಿಯಿತು ಎಂದರ್ಥ. ಅದು ಜೀವ ಉಳಿಸುವ ಅಂತರ. ಇನ್ನೂ ಎರಡು ಪಟ್ಟು ಪಿಕಪ್ ಕೊಟ್ಟರೋ? ಸಮಯ ಅರ್ಧವಾಗದು. 4.2 ಸೆಕೆಂಡಿಗೆ ಇಳಿಯುತ್ತದೆ, ಅಷ್ಟರಲ್ಲಿ ನಿಮ್ಮ ಮುಳ್ಳು 125 ದಾಟಿರುತ್ತದೆ. ಮೊದಲ ದ್ವಿಗುಣದಿಂದ ಸಿಕ್ಕ ಲಾಭ ಎರಡನೆಯದರಿಂದ ಸಿಗುವುದಿಲ್ಲ. ಬೀಟ್‌ನ ಟನ್ನಿಗೆ 84 ನನಗೆ ತುಸು ಕಡಿಮೆ ಅನ್ನಿಸುವುದು, 120ರ ಮೇಲೆ ನೆಮ್ಮದಿ ಅನ್ನಿಸುವುದು ಇಲ್ಲಿಯೇ.

ಉಳಿದದ್ದು ತೂಕದ ಜಾಣತನ. 1996ರ ಲೋಟಸ್ ಎಲಿಸ್ ನೋಡಿ. ರೋವರ್ ಕಂಪನಿಯ ಸಾದಾ 1.8 ಲೀಟರ್ ಎಂಜಿನ್, 118 ಅಶ್ವಶಕ್ತಿ. ಆದರೆ ಅಂಟಿಸಿ ಜೋಡಿಸಿದ ಅಲ್ಯೂಮಿನಿಯಂ ಚಾಸಿಯಿಂದಾಗಿ ತೂಕ 725 ಕೆ.ಜಿ. ಟನ್ನಿಗೆ 160 ಮುಟ್ಟಿತು. ಹಗುರವಾದದ್ದರಿಂದ ಬ್ರೇಕ್ ಚಿಕ್ಕದು ಸಾಕಾಯಿತು, ಟೈರ್ ತೆಳುವು ಸಾಕಾಯಿತು, ಸ್ಟೇರಿಂಗಿಗೆ ಪವರ್ ಬೇಕಾಗಲಿಲ್ಲ. ದೊಡ್ಡ ಎಂಜಿನ್ನಿನ ಹಾದಿ ಇದಕ್ಕೆ ವಿರುದ್ಧ. ಶಕ್ತಿ ಹೆಚ್ಚಿದರೆ ರೇಡಿಯೇಟರ್ ಹೆಚ್ಚಬೇಕು, ಬ್ರೇಕ್ ಹಿಗ್ಗಬೇಕು, ಟೈರ್ ಅಗಲವಾಗಬೇಕು, ಇವನ್ನೆಲ್ಲ ಹೊರಲು ಮತ್ತೆ ಶಕ್ತಿ ಬೇಕು. 2012ರ ಟೊಯೋಟಾ 86ರಲ್ಲಿ ಮುಖ್ಯ ಎಂಜಿನಿಯರ್ ತೆತ್ಸುಯಾ ತಾದ ಅವರ ತಂಡ 200 ಅಶ್ವಶಕ್ತಿಗೆ ನಿಂತು, ಹಲವು ದೇಶಗಳಲ್ಲಿ ಪ್ರಿಯಸ್ ಕಾರಿಗೆ ಹಾಕುವ ಟೈರನ್ನೇ ಇದಕ್ಕೂ ಹಾಕಿಸಿತು. ಹಿಡಿತ ಮಿತವಾಗಿದ್ದರೆ ಕಾರಿನ ಸ್ವಭಾವ ಕಡಿಮೆ ವೇಗದಲ್ಲೇ ಗೊತ್ತಾಗುತ್ತದೆ ಎಂಬ ವಿಚಾರ ಅದು. ಶಕ್ತಿ ಸಾಲದು ಎಂಬ ಕೂಗು ನಿಲ್ಲದೆ, ಮುಂದಿನ ಪೀಳಿಗೆಗೆ 2.4 ಲೀಟರ್ ಎಂಜಿನ್, 235 ಅಶ್ವಶಕ್ತಿ ಬಂದವು. ಅಂಕಿಯ ಹಸಿವು ಎಂಜಿನಿಯರನ ವಿವೇಕಕ್ಕಿಂತ ದೊಡ್ಡದು.

ಎದುರುವಾದಿಗಳ ಮಾತಲ್ಲೂ ಹುರುಳಿದೆ. ಜರ್ಮನಿಯ ಆಟೊಬಾನ್‌ನಲ್ಲಿ ವೇಗಮಿತಿಯೇ ಇಲ್ಲದ ಭಾಗಗಳಿವೆ. ಅಲ್ಲಿ ದಿನವೂ 250ರಲ್ಲಿ ಓಡಾಡುವವರಿಗೆ ನಾನೂರು ಐನೂರು ಅಶ್ವಶಕ್ತಿ ಆಡಂಬರವಲ್ಲ, ನಿತ್ಯದ ಬಳಕೆ. ಆ ಕಾರುಗಳನ್ನು ಮಾಡಿದವರು ತಮ್ಮ ರಸ್ತೆಗೆ ತಕ್ಕುದನ್ನೇ ಮಾಡಿದರು. ತಪ್ಪಿರುವುದು ಅವರ ಅಂಕಿಯನ್ನು ಹೊತ್ತು ತಂದು ಹೆಬ್ಬಾಳ ಫ್ಲೈಓವರಿನ ಮೇಲೆ ನಿಲ್ಲಿಸುವ ನಮ್ಮಲ್ಲಿ.

ಇನ್ನು ವಿದ್ಯುತ್ ಕಾರು ಬಂದ ಮೇಲಂತೂ ಎಚ್‌ಪಿಯ ಮರ್ಯಾದೆಯೇ ಹೋಗಿದೆ. ನಮ್ಮಲ್ಲೇ ಮಾರಾಟವಾಗುವ ಬಿವೈಡಿ ಸೀಲ್ ಕಾರಿನ ಮೇಲಿನ ಮಾದರಿಗೆ 530 ಅಶ್ವಶಕ್ತಿ. ನಾಲ್ಕು ಬಾಗಿಲು, ಮನೆಮಂದಿಗೆಲ್ಲ ಸೀಟು, ಎರಡು ಟನ್ನಿಗೂ ಹೆಚ್ಚು ತೂಕ, 3.8 ಸೆಕೆಂಡಿನಲ್ಲಿ ನೂರು. ಸಂತೆಗೆ ಹೋಗಿ ಬರುವ ಕಾರೇ ಹೀಗಿರುವಾಗ ನೇರ ದಾರಿಯ ಓಟದಿಂದ ಸ್ಪೋರ್ಟ್ಸ್ ಕಾರನ್ನು ಗುರುತಿಸುವ ಕಾಲ ಮುಗಿಯಿತು. ಮೋಟಾರು ಅಗ್ಗವಾಯಿತು, ಹಗುರವಾಗಿರುವುದು ದುಬಾರಿಯಾಯಿತು.

ಎಂಎಕ್ಸ್-5 ನಮ್ಮ ಶೋರೂಮಿಗೆ ಬರಲಿಲ್ಲ. ಆದರೆ ಈ ತತ್ವಕ್ಕೆ ಆಮದು ಸುಂಕವಿಲ್ಲ. 2013ರಲ್ಲಿ ಇಲ್ಲಿಗೆ ಬಂದ ಪೋಲೊ ಜಿಟಿ ಟಿಎಸ್‌ಐ 105 ಅಶ್ವಶಕ್ತಿಯದು, ತೂಕ ಒಂದು ಟನ್ನಿನ ಸ್ವಲ್ಪ ಮೇಲೆ. ಹೆಸರಿಗೆ ಸ್ಪೋರ್ಟ್ಸ್ ಕಾರಲ್ಲದಿದ್ದರೂ, ಟನ್ನಿನ ಲೆಕ್ಕದಲ್ಲಿ ನನ್ನ 120ನ್ನು ಮುಟ್ಟದಿದ್ದರೂ ಘಾಟಿಯಲ್ಲಿ ಅದು ಕೊಡುವ ಆನಂದ ಸೆಕೆಂಡ್‌ಹ್ಯಾಂಡ್ ಬೆಲೆಗೆ ಸಿಗುತ್ತದೆ. ಇನ್ನು ಗಂಟು ದೊಡ್ಡದಿರುವವರು ಶೋರೂಮಿಗೆ ಹೋದಾಗ ಎಚ್‌ಪಿ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ತೂಕ ಎಷ್ಟು? ಎರಡನೇ ಗೇರ್ ಎಷ್ಟು ವೇಗಕ್ಕೆ ಮುಗಿಯುತ್ತದೆ? ಟೈರ್ ಎಷ್ಟು ಅಗಲ, ಒಂದು ಜೊತೆಗೆ ಬೆಲೆ ಎಷ್ಟು? ಸೇಲ್ಸ್‌ನವನಿಗೆ ಎರಡನೆಯದು ಗೊತ್ತಿರಲಿಕ್ಕಿಲ್ಲ, ಟೆಸ್ಟ್ ಡ್ರೈವ್‌ನಲ್ಲಿ ನೀವೇ ತಿಳಿದುಕೊಳ್ಳಿ. ಮೂರಕ್ಕೂ ಒಪ್ಪುವ ಉತ್ತರ ಸಿಕ್ಕರೆ, ಬ್ರೋಷರಿನಲ್ಲಿ ಎಚ್‌ಪಿ ಇರುವ ಸಾಲನ್ನು ಓದದೆಯೇ ಅಡ್ವಾನ್ಸ್ ಕೊಟ್ಟು ಬನ್ನಿ.