ಗಾಳಿ ಕಾಯ್ದ ಕಡವೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಶಿಕಾರಿಯ ಮಾತು ಬಂತೆಂದರೆ ಕೋವಿ, ಗುರಿ, ನಾಯಿ, ಮಾಂಸದ ಪಾಲು ಇವಿಷ್ಟೇ ಬಾಯಿಗೆ ಬರುತ್ತವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1933ರ ‘ಮಲೆನಾಡಿನ ಚಿತ್ರಗಳು’ ಕಾಲದಿಂದಲೇ ಬೇಟೆಯನ್ನು ಬರೆದರು. ತೇಜಸ್ವಿಯವರು ಬೇಟೆಗಾರ ಲೇಖಕರಾದ ಕಾರ್ಬೆಟ್, ಆಂಡರ್ಸನ್ನರ ಕಾಡನ್ನು ಕನ್ನಡಕ್ಕೆ ತಂದರು. ಬೇಟೆಯ ಕಥೆ ನಮಗೇನೂ ಕಡಿಮೆಯಿಲ್ಲ. ಆದರೆ ಬೇಟೆಯ ಪದ್ಧತಿಯನ್ನು ತೂಗಿ ನೋಡಬೇಕಾದ್ದು ಗುರಿಯಿಂದಲ್ಲ, ಗಾಳಿಯಿಂದ ಎಂದು ನನಗನ್ನಿಸುತ್ತದೆ. ಗಾಳಿಗೆ ತಲೆಬಾಗಿದ ಬೇಟೆಯಲ್ಲಿ ಮಿಗಕ್ಕೆ ತಪ್ಪಿಸಿಕೊಳ್ಳುವ ದಾರಿಯೊಂದಿತ್ತು. ಗಾಳಿಯನ್ನೇ ಲೆಕ್ಕದಿಂದ ತೆಗೆದುಹಾಕಿದ ಮೇಲೆ ಉಳಿದದ್ದು ಬರೀ ಕೊಲ್ಲುವ ಕೆಲಸ.

ಮರಸು ಕೂರುವುದನ್ನೇ ನೋಡಿ. ನೆಲ್ಲಿಯೋ ತಾರೆಯೋ ಕಾಯಿ ಉದುರಿಸುವ ಕಾಲದಲ್ಲಿ ಮರ ಹತ್ತಿ ಕಡವೆಗೆ ಕಾಯುವುದು ಹೊರಗಿನವರಿಗೆ ಸೋಮಾರಿ ಬೇಟೆಯಂತೆ ಕಾಣುತ್ತದೆ. ಆದರೆ ತುಂಗೆಯ ಕಣಿವೆಯಲ್ಲಿ ಗಾಳಿ ದಿನಕ್ಕೆರಡು ಸಲ ಮಗುಚುತ್ತದೆ. ಹಗಲಿನ ಬಿಸಿಲಿಗೆ ಕಾದ ಗುಡ್ಡದ ಮೈಯಿಂದ ಅದು ಮೇಲಕ್ಕೇರುತ್ತದೆ. ಹೊತ್ತು ಮುಳುಗಿ ನೆಲ ತಣಿದ ಮೇಲೆ ಭಾರವಾಗಿ ಹಳ್ಳದ ಕಡೆಗೆ ಇಳಿಯುತ್ತದೆ. ಇವೆರಡರ ನಡುವೆ ಎಲೆಯೂ ಅಲುಗದ ಒಂದಿಷ್ಟು ಹೊತ್ತು. ಕಡವೆ ಪೊದೆಯಿಂದ ಹೊರಗೆ ಕಾಲಿಡುವುದೂ ಹೆಚ್ಚಾಗಿ ಆಗಲೇ. ಆದ್ದರಿಂದ ಸಂಜೆ ನಾಲ್ಕಕ್ಕೆ ಮರ ಹತ್ತುವವನು ಆಗ ಬೀಸುತ್ತಿರುವ ಗಾಳಿಯನ್ನು ನಂಬಿ ಮರ ಆರಿಸಿದರೆ ಕೆಟ್ಟ. ಕತ್ತಲಾದ ಮೇಲೆ ಬೀಸಲಿರುವ ಗಾಳಿಗೆ ತಕ್ಕ ಮರ ಬೇಕು. ಮಿಗ ಮೇಲಿನ ಕಾನಿನಿಂದ ಇಳಿದು ಬಂದರೆ ಇವನ ವಾಸನೆ ಅದರ ಮೂಗಿಗೆ ಮುಟ್ಟದೆ ಕೆಳಗೆ ಹರಿದುಹೋಗುತ್ತದೆ. ಹಳ್ಳದಿಂದ ಹತ್ತಿ ಬಂದರೆ ಎಲ್ಲ ಮುಗಿಯಿತು: ಕಡವೆ ನಿಂತಲ್ಲೇ ನಿಂತು ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ಬಾಲ ನೆಟ್ಟಗಾಗುತ್ತದೆ, ಕಹಳೆಯಂಥ ಒಂದು ಕೂಗು. ಆಮೇಲೆ ಆ ಗುಡ್ಡದಲ್ಲಿ ಕಾಡುಕುರಿಯೂ ಸಿಕ್ಕುವುದಿಲ್ಲ. ಇಷ್ಟನ್ನೂ ಮೊದಲೇ ಎಣಿಸುವುದು ಸಣ್ಣ ವಿದ್ಯೆಯಲ್ಲ. ಸೆರೆಂಗೆಟಿಯ ಸಿಂಹಗಳನ್ನು ಅಧ್ಯಯನ ಮಾಡಿದ ಜಾರ್ಜ್ ಶಾಲರ್ 1972ರ ತಮ್ಮ ಪುಸ್ತಕದಲ್ಲಿ, ಗಾಳಿಗೆದುರಾಗಿ ಸಾಗಿದಾಗ ಸಿಂಹಕ್ಕೆ ಬೇಟೆ ಹೆಚ್ಚು ದಕ್ಕುತ್ತಿದ್ದರೂ ಅದು ಗಾಳಿಯ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ ಎಂದಿದ್ದಾರೆ. ಸಿಂಹ ಮಾಡದ ಲೆಕ್ಕವನ್ನು ಮನುಷ್ಯ ಮಾಡಿದ್ದ.

ಈ ಲೆಕ್ಕ ಊರಿಂದೂರಿಗೆ ಬೇರೆ. ಕೆರೆಕಟ್ಟೆಯ ಕಡೆಯ ಮಡಿಕೆ ಮಡಿಕೆ ಬೆಟ್ಟಗಳಲ್ಲಿ ಗಾಳಿ ತಿರುವಿಗೊಂದು ದಿಕ್ಕು ಹಿಡಿದು ಸುಳಿಯುತ್ತದೆ. ನರಸಿಂಹರಾಜಪುರದ ಬದಿಯ ಭದ್ರಾ ಹಿನ್ನೀರಿನ ಬಯಲಲ್ಲಿ, ಬೇಸಿಗೆಗೆ ನೀರಿಳಿದು ಚಿಗುರಿದ ಹುಲ್ಲಿಗೆ ಜಿಂಕೆ ಹಿಂಡು ಬರುವಲ್ಲಿ, ಅದು ಹಗಲು ನೀರಿನಿಂದ ದಡಕ್ಕೆ, ಇರುಳು ದಡದಿಂದ ನೀರಿಗೆ. ಮಳೆಗಾಲದ ಪಡುಗಾಳಿಯಂತೂ ಎಲ್ಲ ಸದ್ದನ್ನೂ ನುಂಗಿಬಿಡುತ್ತದೆ.

ಹಳು ಸೋವುವ ಬೇಟೆಯನ್ನು, ಅಂದರೆ ಪೊದೆಗೆ ನುಗ್ಗಿ ಗದ್ದಲ ಮಾಡಿ ಮಿಗವನ್ನು ಹೊರಗಟ್ಟುವ ಬೇಟೆಯನ್ನು, ನಾನು ಗಾಳಿಯ ಇದೇ ಅಳತೆಯಲ್ಲಿ ಕೆಳಗಿಡುತ್ತೇನೆ. ಅಲ್ಲಿಯೂ ಗಾಳಿಯ ನಿಯಮವಿತ್ತು: ಸೋವುವವರು ಗಾಳಿ ಬರುವ ದಿಕ್ಕಿನಿಂದ ನುಗ್ಗಬೇಕು, ಬಿಲ್ಲಿಗೆ ನಿಂತವರು, ಅಂದರೆ ಕೋವಿ ಹಿಡಿದು ಕಂಡಿ ಕಾಯುವವರು, ಗಾಳಿ ಹೋಗುವ ದಿಕ್ಕಿಗಿರಬೇಕು. ಆದರೆ ಮಿಗ ದಾಟುವ ಕಂಡಿಗಳು ತಲೆಮಾರಿನಿಂದ ಗೊತ್ತುಮಾಡಿದವು; ಗಾಳಿ ಬದಲಾಯಿತೆಂದು ಕಂಡಿ ಬದಲಾಗುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಜನ, ನಾಯಿ, ಗದ್ದಲ. ಹೆದರಿ ಹಾರಿ ಬರುವ ಪ್ರಾಣಿ ಗಬ್ಬದ್ದೋ ಮರಿಯಿರುವ ತಾಯಿಯೋ ಎಂದು ನೋಡುವಷ್ಟು ಹೊತ್ತು ಈಡು ಹೊಡೆಯುವವನಿಗೆ ಇರುವುದಿಲ್ಲ. ಊರು ಕೂಡಿ ಆಡಿದ ಆ ಬೇಟೆಯ ಸಂಭ್ರಮ ನಿಜ. ಅದನ್ನು ಕಾಡಿನ ಜ್ಞಾನ ಎನ್ನುವುದು ಮಾತ್ರ ಹೆಚ್ಚಾಯಿತು.

ಮರಸೂ ಹೊಂಚೇ ಅಲ್ಲವೇ, ತಿನ್ನಲು ಬಂದ ಪ್ರಾಣಿಯನ್ನು ಕೊಲ್ಲುವುದರಲ್ಲಿ ಯಾವ ನ್ಯಾಯ ಎಂದು ಕೇಳಬಹುದು. ಒಪ್ಪುತ್ತೇನೆ. ಅದನ್ನು ಧರ್ಮವೆಂದು ಎತ್ತಿಹಿಡಿಯುವುದು ನನ್ನ ಉದ್ದೇಶವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಸರಿ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು, 1998ರಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಾದದ್ದು ಸರಿ. ಮರಸಿನಲ್ಲಿ ಬರಿಗೈಲಿ ಮರ ಇಳಿದ ಬೆಳಗುಗಳು ಇದ್ದೇ ಇದ್ದವು, ಆ ಬೆಳಗುಗಳನ್ನು ಕಡವೆಗೆ ದೊರಕಿಸಿದ್ದು ಗಾಳಿ ಎನ್ನುವುದಷ್ಟೇ ನನ್ನ ಮಾತು. ಕಣ್ಣು ಕೋರೈಸುವ ಹೆಡ್‌ಲೈಟು ಆ ಅವಕಾಶವನ್ನು ಕಿತ್ತುಕೊಂಡಿತು: ಬೆಳಕಿಗೆ ಬೆರಗಾಗಿ ನಿಂತ ಜಿಂಕೆಗೆ ಮೂಗಿದ್ದೂ ಉಪಯೋಗವಿಲ್ಲ. ಕ್ಲಚ್ ವೈರಿನ ಉರುಳು ಇನ್ನೂ ಕ್ರೂರ. ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ, ಅವನ ಕೈವಾಸನೆಯನ್ನು ಒಂದೆರಡು ಮಳೆ ತೊಳೆದುಬಿಡುತ್ತದೆ. ಹಂದಿಗೆಂದು ಕಟ್ಟಿದ ಉರುಳಿಗೆ ಕಡವೆಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಬೆಳೆ ಉಳಿಸಿಕೊಳ್ಳಲು ಬೇರೆ ದಾರಿಯೇನು ಎಂಬ ರೈತರ ಸಂಕಟವನ್ನು ತಳ್ಳಿಹಾಕುವಂತಿಲ್ಲ. ಕಾಟಿ, ಮಂಗ, ಹಂದಿಗಳ ಹಾವಳಿ ಈ ಮೂರೂ ತಾಲ್ಲೂಕುಗಳಲ್ಲಿ ಕಣ್ಣೆದುರಿಗಿದೆ. ಆದರೆ ಉರುಳು ಹಂದಿಯನ್ನು ಗುರುತು ಹಿಡಿದು ಬಿಗಿಯುವುದಿಲ್ಲ.

ಬೇಟೆ ನಿಂತರೆ ಗಾಳಿಯ ವಿದ್ಯೆಯೂ ಸಾಯುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಆ ವಿದ್ಯೆಗೆ ಇಂದೂ ಕೆಲಸವಿದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬಳಕೆಗೆ ತಂದ ಸೀಳುದಾರಿ ಎಣಿಕೆಯಲ್ಲಿ ನೇರ ಗೆರೆಯೊಂದರ ಮೇಲೆ ನಡೆಯುತ್ತ, ಕಂಡ ಮಿಗಗಳನ್ನೂ ಅವುಗಳ ದೂರವನ್ನೂ ಬರೆದುಕೊಳ್ಳುತ್ತಾರೆ. ಪ್ರಾಣಿ ನಮ್ಮನ್ನು ಅರಿತು ಸರಿಯುವ ಮೊದಲೇ ನಮ್ಮ ಕಣ್ಣಿಗೆ ಬೀಳಬೇಕೆಂಬುದು ಆ ಲೆಕ್ಕದ ಬುಡ. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಎಣಿಸುತ್ತ ನಡೆವ ಅರಣ್ಯ ವಾಚರನ ಬೆವರಿನ ವಾಸನೆ ಅವನಿಗಿಂತ ಮುಂದೆ ನಡೆದಿರುತ್ತದೆ; ಮುಂದಿನ ತಿರುವಿನ ಕಡವೆ ಸದ್ದಿಲ್ಲದೆ ಹಳುವಿಗೆ ಸರಿದಿರುತ್ತದೆ, ಎಣಿಕೆಯ ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾಗಿರುತ್ತದೆ.