ನಮ್ಮೂರಾಗ ಅದು ತಂಬಿಗಿ

2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿನ ಚೊಂಬಿನ ಜಾಹೀರಾತು ಕನ್ನಡ ಪತ್ರಿಕೆಗಳಲ್ಲಿ ಬಂದ ದಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಅದರದೇ ಮಾತು. ಚಿತ್ರದಲ್ಲಿ ಒಂದು ಖಾಲಿ ಚೊಂಬು. ಮೋದಿ ಸರ್ಕಾರ ಕರ್ನಾಟಕಕ್ಕೆ ಕೊಟ್ಟಿದ್ದು ಇದೇ ಅನ್ನುವ ಅರ್ಥದ ಮಾತು. ಬೆಂಗಳೂರು ಕಡೆ 'ಚೊಂಬು ಕೊಟ್ಟ' ಅಂದರೆ ಕೈಕೊಟ್ಟ ಅಂತ. ಟೇಬಲ್ ಸುತ್ತ ಕೂತಿದ್ದ ಹಾಸನದವನು, ತುಮಕೂರಿನವನು, ಮಂಡ್ಯದವಳು ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ಚಿಕ್ಕದಾಗಿ, ಇಷ್ಟು ಕನ್ನಡವಾಗಿ ಯಾವ ಪಕ್ಷವೂ ಜಾಹೀರಾತು ಮಾಡಿದ್ದು ನೋಡಿಲ್ಲ ಅಂತ ಹೇಳಿದ್ದೂ ನೆನಪಿದೆ. ಫೋಟೋ ತೆಗೆದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಸಂಜೆ ಸಂಶಿಯಿಂದ ಕಾಕಾನ ಫೋನ್.

"ತಮ್ಮಾ, ಈ ತಂಬಿಗಿ ಯಾಕ ಕಳಿಸೀದಿ? ಅದರಾಗ ಏನೈತಿ?"

"ಏನೂ ಇಲ್ಲ ಕಾಕಾ, ಖಾಲಿ ಐತಿ. ಅದ ಅದರ ಅರ್ಥ."

"ಖಾಲಿ ತಂಬಿಗಿ ಯಾರರ ಕೊಡ್ತಾರೇನು? ನೀರು ತುಂಬಿ ಕೊಡ್ತಾರ."

ಹೌದಲ್ಲ ಅನ್ನಿಸಿತು. ನಮ್ಮ ಕಡೆ ಅದು ತಂಬಿಗಿ, ಇಲ್ಲವೇ ಚರಗಿ. ಮನಿಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಡೋದು ಅದರಾಗ. ಮೋಸಕ್ಕೂ ತಂಬಿಗಿಗೂ ನಮ್ಮ ಮಾತಿನಲ್ಲಿ ಸಂಬಂಧವೇ ಇಲ್ಲ. ಇರುವ ಇನ್ನೊಂದು ಅರ್ಥ ಎಂದರೆ 'ತಂಬಿಗಿ ತಗೊಂಡು ಹೋಗೋದು', ಬೆಳಗಿನ ಕತ್ತಲಲ್ಲಿ ಬಯಲಿಗೆ. ನಮ್ಮ ಚಿಗವ್ವ ಜಾಹೀರಾತನ್ನು ಹಾಗೆಯೇ ಓದಿದಳು. ಪಾಯಖಾನಿ ಕಟ್ಟಿಸಿದ್ದಕ್ಕೆ ಸರ್ಕಾರದ ರೊಕ್ಕ ಬಂದಿತ್ತಲ್ಲ, ಅದರ ಸುದ್ದಿ ಇರಬೇಕು ಅಂದುಕೊಂಡಿದ್ದಳಂತೆ! ಅಂದರೆ ಮೋದಿಯನ್ನು ಬೈಯ್ಯಲು ಮಾಡಿದ ಜಾಹೀರಾತು ನಮ್ಮ ಅಡಿಗಿಮನಿಯಲ್ಲಿ ಸ್ವಚ್ಛ ಭಾರತದ ಜಾಹೀರಾತಾಗಿ ಓದಿಸಿಕೊಂಡಿತು.

ಅದೇ ವಾರ ಚಿಕ್ಕಬಳ್ಳಾಪುರದ ಸಭೆಯಲ್ಲಿ, ಮೋದಿಯವರ ಎದುರಿಗೇ, ದೇವೇಗೌಡರು ಆ ಚೊಂಬು ಈಗ ಅಕ್ಷಯ ಪಾತ್ರೆಯಾಗಿದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಟಿವಿಯವರು ಅದನ್ನು ಜಾಣ ಉತ್ತರ ಅಂದರು. ನನಗನ್ನಿಸಿದ್ದು ಬೇರೆ. ಪಾತ್ರೆಯ ಚಿತ್ರ ಒಂದನ್ನೇ ಜನರ ಕೈಗೆ ಕೊಟ್ಟರೆ ಅದರಲ್ಲಿ ಏನು ತುಂಬಬೇಕು ಅನ್ನೋದು ಅವರವರ ಇಚ್ಛೆ. ಗೌಡರು ಅನ್ನ ತುಂಬಿದರು, ಚಿಗವ್ವ ಇನ್ನೇನೋ ತುಂಬಿದಳು.

ಹಾಗಾದರೆ ಶಬ್ದ ತಪ್ಪಿದ್ದಕ್ಕೆ ಜಾಹೀರಾತು ಸೋತಿತು ಅಂತ ಬರೆದು ಮುಗಿಸಬಹುದಿತ್ತು. ಬರೆಯಲೂ ಕುಳಿತಿದ್ದೆ. ಆದರೆ ಫಲಿತಾಂಶ ತೆಗೆದು ನೋಡಿದರೆ ನನ್ನ ಸಿದ್ಧಾಂತ ಅಲ್ಲಿಗೇ ಬಿತ್ತು. ಚೊಂಬಿನ ಅರ್ಥ ಚೆನ್ನಾಗಿ ಗೊತ್ತಿರುವ ದಕ್ಷಿಣದ ಕಡೆ, ಏಪ್ರಿಲ್ 26ರಂದು ಮತದಾನವಾದ 14 ಕ್ಷೇತ್ರಗಳಲ್ಲಿ, ಕಾಂಗ್ರೆಸ್ ಗೆದ್ದದ್ದು ಎರಡು. ಮೇ 7ರಂದು ಮತ ಹಾಕಿದ, ಬಹುಪಾಲು ನಮ್ಮ ಕಡೆಯವೇ ಆದ 14ರಲ್ಲಿ ಏಳು. ನಮ್ಮ ಧಾರವಾಡದಲ್ಲಿ ಮಾತ್ರ ಪ್ರಲ್ಹಾದ ಜೋಶಿ ಮತ್ತೆ ಗೆದ್ದರು. ಜಾಹೀರಾತು ಅರ್ಥವಾಗೋದು ಬೇರೆ, ವೋಟು ಬೀಳೋದು ಬೇರೆ.

ಇದಕ್ಕಿಂತ ಗಟ್ಟಿ ಉದಾಹರಣೆ ನಮ್ಮ ಊರ ಪಕ್ಕದಲ್ಲೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇ ಸಿಎಂ' ಪೋಸ್ಟರ್ ಬಂತಲ್ಲ, ಕ್ಯೂಆರ್ ಕೋಡಿನ ನಡುವೆ ಬಸವರಾಜ ಬೊಮ್ಮಾಯಿಯವರ ಮುಖ. ಅದನ್ನು ಸಂಶಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಚಹಾದಂಗಡಿಯಲ್ಲೂ ಅಂಥದೇ ಕೋಡು ಅಂಟಿಸಿರುತ್ತಾರೆ. ಫೋನ್ ಹಿಡಿದು ತೋರಿಸಿದರೆ ಮುದುಕರೂ ನಕ್ಕರು. 40 ಪರ್ಸೆಂಟ್ ಅನ್ನೋದು ಕಟ್ಟೆಯ ಮೇಲೆ ಗಾದೆಯ ಹಾಗೆ ಓಡಾಡಿತು. 2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಕಾಂಗ್ರೆಸ್‌ಗೆ 135 ಸೀಟು ಬಂತು, ಸರಿ. ಆದರೆ ಪೋಸ್ಟರಿನಲ್ಲಿದ್ದ ಮುಖದವರು ನಮ್ಮ ನೆರೆಯ ಶಿಗ್ಗಾಂವಿಯಲ್ಲಿ 35 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಮ್ಮ ಕುಂದಗೋಳದಲ್ಲೂ ಬಿಜೆಪಿಯ ಎಂ.ಆರ್. ಪಾಟೀಲರೇ ಆರಿಸಿ ಬಂದರು. ನಕ್ಕವರೇ ಹೋಗಿ ಆ ಕಡೆ ಒತ್ತಿದ್ದಾರೆ, ಬೇರೆ ಯಾರು ಒತ್ತಬೇಕು?

ಬಿಜೆಪಿಯವರ ಜಾಹೀರಾತಿಗೂ ನಮ್ಮೂರು ಇದೇ ಮರ್ಯಾದೆ ಕೊಟ್ಟಿದೆ. 'ಡಬಲ್ ಇಂಜಿನ್ ಸರ್ಕಾರ' ಅನ್ನುವ ಮಾತು ಹುಬ್ಬಳ್ಳಿ–ಹಾವೇರಿ ರೈಲು ದಾರಿಯ ಮೇಲಿರುವ ಊರಿಗೆ ಬಂದರೆ ಏನಾಗಬೇಕೋ ಅದೇ ಆಯಿತು. "ಎರಡು ಇಂಜಿನ್ ಹಚ್ಚಿದ ಗಾಡಿ ಸಂಶ್ಯಾಗ ನಿಂತಿದ್ದು ನೋಡಿಯೇನು?" ಅಂತ ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ದರು. ಕೇಳಿದವರೂ ಪಕ್ಕಾ ಬಿಜೆಪಿಯವರೇ! ತಮ್ಮ ಪಕ್ಷದ ಜಾಹೀರಾತನ್ನು ತಾವೇ ಚೇಷ್ಟೆ ಮಾಡಿ, ಬಟನ್ ಮಾತ್ರ ಮೊದಲಿನದನ್ನೇ ಒತ್ತೋದಕ್ಕೆ ಅವರಿಗೇನೂ ತೊಡಕಿಲ್ಲ.

ನನ್ನ ಕೆಲಸದಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸಿದರೆ ಎಷ್ಟು ಜನ ಹೆಚ್ಚಿಗೆ ಒತ್ತಿದರು ಅಂತ ಲೆಕ್ಕ ಇಡುತ್ತೇವೆ. ಒತ್ತಿದ್ದೇ ಮೆಚ್ಚಿದ್ದು ಅಂತ ನಂಬಿ ಸಂಬಳ ತಗೊಳ್ಳುತ್ತೇವೆ. ಪ್ರಚಾರದ ಜಾಹೀರಾತು ಮಾಡುವವರೂ ನಮ್ಮಂಥವರೇ ಇರಬೇಕು. ಎಷ್ಟು ಜನ ಹಂಚಿಕೊಂಡರು, ಎಷ್ಟು ಜನ ನಕ್ಕರು ಅಂತ ಎಣಿಸುತ್ತಾರೆ. ಅದನ್ನು ಹಂಚಿದ ಮೂರ್ಖರಲ್ಲಿ ನಾನೂ ಒಬ್ಬ.

ಇನ್ನೊಂದು ಜಾಹೀರಾತಿನ ಮಾತು ಹೇಳಬೇಕು, ಯಾಕೆಂದರೆ ಅದನ್ನು ಜಾಹೀರಾತು ಅಂತ ನಾವು ಯಾರೂ ಕರೆಯಲಿಲ್ಲ. 2023ರಲ್ಲಿ ಮನೆ ಮನೆಗೆ ಹಂಚಿದ ಗ್ಯಾರಂಟಿ ಕಾರ್ಡು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಸಹಿ. ಜಾಣ್ಮೆ ಇಲ್ಲ, ಚೇಷ್ಟೆ ಇಲ್ಲ, ನೋಡಲು ಚೆಂದವೂ ಇಲ್ಲ. ಆಫೀಸಿನಲ್ಲಿ ಅದರ ಬಗ್ಗೆ ಯಾರೂ ಒಂದು ಮಾತೂ ಆಡಿದ್ದು ನೆನಪಿಲ್ಲ. ಚಿಗವ್ವ ಮಾತ್ರ ಅದನ್ನು ರೇಷನ್ ಕಾರ್ಡು, ಹೊಲದ ಉತಾರ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟಳು. ಅವಳು ಆ ವರ್ಷ ಕಾಂಗ್ರೆಸ್ಸಿಗೆ ಹಾಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿದರೆ ಹೇಳುವವಳೂ ಅಲ್ಲ. ಆದರೆ ತಿಂಗಳಿಗೆ 2,000 ಅಂತ ಬರೆದದ್ದು ಬಂತೋ ಇಲ್ಲವೋ ಅಂತ ಪಾಸ್‌ಬುಕ್ ಹಚ್ಚಿ ನೋಡಬಹುದಿತ್ತು, ಒಂದು ತಿಂಗಳು ತಪ್ಪಿದರೆ ಕೇಳಬಹುದಿತ್ತು. ಈಗಲೂ ಕೇಳುತ್ತಾಳೆ, ಯಾರು ಸಿಕ್ಕರೆ ಅವರನ್ನು.

ಚೊಂಬಿನ ಮೇಲೆ ನನ್ನ ಸಿಟ್ಟು ಇರೋದು ಇಲ್ಲಿ. ಅದರ ಹಿಂದಿದ್ದ ವಿಷಯ ನಗುವಂಥದ್ದಾಗಿರಲಿಲ್ಲ. 15ನೇ ಹಣಕಾಸು ಆಯೋಗ ಬಂದ ಮೇಲೆ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713ರಿಂದ 3.647 ಪರ್ಸೆಂಟಿಗೆ ಇಳಿದಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಳಿದ ಪರಿಹಾರ 18 ಸಾವಿರ ಕೋಟಿಗೂ ಮಿಕ್ಕಿ. ಅದಕ್ಕಾಗಿ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಆ ವರ್ಷ ಕಾಕಾನ ಹೆಸರು ಪೂರ್ತಿ ಹೋಗಿತ್ತು, ಹತ್ತಿ ಮೊಣಕಾಲಿಗೆ ಬರಲಿಲ್ಲ. ರಾಜ್ಯ ಸರ್ಕಾರದಿಂದ ಮೊದಲ ಕಂತು ಅಂತ 2,000 ರೂಪಾಯಿ ಬಂದಿತ್ತು, ಅಷ್ಟೇ. ಉಳಿದದ್ದು ಎಷ್ಟು, ಯಾರು ಕೊಡಬೇಕು, ಯಾಕೆ ತಡ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಹೇಳಿದ್ದರೆ ಆತ ಕೂತು ಓದುತ್ತಿದ್ದ. ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದುವ ಮನುಷ್ಯ. ಅವನ ಒಣಗಿದ ಹೊಲವನ್ನು ಬೆಂಗಳೂರಿನಲ್ಲಿ ಯಾರೋ ಒಂದು ಜೋಕು ಮಾಡಿದರು. ಏಪ್ರಿಲ್ ಕೊನೆಗೆ ಕೇಂದ್ರ ಸುಮಾರು 3,454 ಕೋಟಿ ಕೊಡುತ್ತೇನೆ ಅಂದ ಕೂಡಲೇ ಆ ಜೋಕೂ ಹಳಸಿತು. ಕೇಳಿದ್ದರ ಐದನೇ ಒಂದು ಭಾಗವೂ ಅಲ್ಲ ಅನ್ನುವ ಮಾತು ಊರ ಕಟ್ಟೆಯವರೆಗೆ ಬರಲೇ ಇಲ್ಲ. ಆ ಹೊತ್ತಿಗೆ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ನಡೆದ ಹುಡುಗಿಯ ಕೊಲೆಯ ಮೇಲೆ ಚುನಾವಣೆ ನಿಂತಿತ್ತು. ಎರಡೂ ಪಕ್ಷದವರು ಅದನ್ನೇ ಹಿಡಿದಿದ್ದರು.

ಮೇ 7ಕ್ಕೆ ವೋಟು ಹಾಕಲು ಊರಿಗೆ ಹೋಗಿದ್ದೆ. ರಾತ್ರಿ ಉಂಡು ಅಂಗಳದಲ್ಲಿ ಕೂತಾಗ ಕಾಕಾ ಮತ್ತೆ ತೆಗೆದ.

"ಅದ ತಂಬಿಗಿ ಕಳಿಸಿದ್ದೆಲ್ಲ, ನಗಾಕಂತ ಕಳಿಸಿದ್ದೇನು?"

"ಹೂಂ."

"ಹಂಗಾರ ಎಕರೆಕ ಎಷ್ಟ ಬರ್ತೈತಿ ಹೇಳು."

ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500. ಎಕರೆ ಲೆಕ್ಕ ಎಲ್ಲೂ ಬರೆದಿರಲಿಲ್ಲ, ನಾನೇ ಭಾಗಿಸಿ 3,440 ಆಗುತ್ತದೆ ಅಂದೆ. ಕಾಕಾ ಬೆರಳು ಮಡಚಿ ಎಣಿಸಿದ. ನಾಲ್ಕು ಎಕರೆಗೆ ಹದಿಮೂರು ಸಾವಿರದ ಏಳು ನೂರ ಅರವತ್ತು, ಅದರಾಗ ಮೊದಲ ಕೊಟ್ಟ ಎರಡು ಸಾವಿರ ಮುರಕೋತಾರ.

"ಬಿತ್ತಾಕ ಆಗ್ತೈತಿ" ಅಂದ. "ಇದನ್ನ ಯಾರೂ ಪೇಪರಿಗಿ ಹಾಕಲಿಲ್ಲಲ್ಲೋ."