ಹಾರಿದ ಮೇಲೆ ಕಂಡ ಬಕ

ಚನ್ನಗಿರಿಯ ಸೂಳೆಕೆರೆಗೆ ಹಕ್ಕಿ ನೋಡಲು ಬಂದವರ ಕಣ್ಣಿಗೆ ಮೊದಲು ಬೀಳುವುದು ಬೆಳ್ಳಕ್ಕಿ, ನೀರುಕಾಗೆ. ದಡದ ಕೆಸರಲ್ಲೇ ನಿಂತ ಕೊಳದ ಬಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆನ್ನು ಕಂದು, ಎದೆ ತುಂಬ ಕಂದು ಗೆರೆ. ಕತ್ತನ್ನು ಹೆಗಲಿಗೆಳೆದುಕೊಂಡು ನಿಂತರೆ ಹತ್ತು ಹೆಜ್ಜೆಯಾಚೆಗೆ ಬರೀ ಮಣ್ಣಹೆಂಟೆ. ಇನ್ನೂ ಹತ್ತಿರ ಹೋದೆವೋ, ಪುರ್ರನೆ ಎದ್ದುಬಿಡುತ್ತದೆ: ರೆಕ್ಕೆ, ಬಾಲವೆಲ್ಲ ಅಚ್ಚ ಬಿಳಿ! ತುಸು ದೂರ ಹೋಗಿ ಇಳಿದು ರೆಕ್ಕೆ ಮಡಚಿತೆಂದರೆ, ಕಣ್ಣೆದುರೇ ಇಳಿದ ಹಕ್ಕಿಯನ್ನು ಮತ್ತೆ ಹುಡುಕಬೇಕು.

ನಿಂತಾಗ ಕಾಣದ ಪ್ರಾಣಿ ಅಲುಗಿದಾಗ ಕಣ್ಣಿಗೆ ಬೀಳಲು ಇಂಥ ಬಿಳುಪೊಂದೇ ಕಾರಣವಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ವನ್ಯಧಾಮವಾದದ್ದು ಕೊಂಡುಕುರಿಗಾಗಿ. ಕಂದುಮೈಯ ಈ ನಾಚಿಕೆಯ ಪ್ರಾಣಿ ಗಾಬರಿಯಾದರೆ ನಿಂತಲ್ಲೇ ನಿಂತುಬಿಡುತ್ತದೆ. ಕಿವಿ ಆಡಿಸಿದರಷ್ಟೇ ನಮಗೆ ಸಿಕ್ಕೀತು.

ಬಣ್ಣ ಹೊಂದಿಕೊಂಡ ಪ್ರಾಣಿಯ ಅಂಚು ಹಿನ್ನೆಲೆಯಲ್ಲಿ ಕರಗಿರುತ್ತದೆ. ಅದು ಅಲುಗಿದಾಗ ಮೈಮೇಲಿನ ಗೆರೆ, ಕಲೆಗಳೆಲ್ಲ ಒಟ್ಟಾಗಿ ಒಂದೇ ಕಡೆ ಸರಿಯುತ್ತವೆ. ಹಾಗೆ ಸರಿದದ್ದನ್ನೆಲ್ಲ ಮಿದುಳು ಒಂದೇ ವಸ್ತುವೆಂದು ಕೂಡಿಸಿಕೊಳ್ಳುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಮನುಷ್ಯರ ಕೀಲುಗಳ ಮೇಲಿನ ಬೆಳಕಿನ ಚುಕ್ಕೆಗಳಷ್ಟೇ ಕಾಣುವಂತೆ ಚಿತ್ರೀಕರಿಸಿ, 1973ರಲ್ಲಿ ಆ ಪ್ರಯೋಗವನ್ನು ಪ್ರಕಟಿಸಿದರು. ನಿಂತಾಗ ಅವು ಅರ್ಥವಿಲ್ಲದ ಚುಕ್ಕೆಗಳು. ಹೆಜ್ಜೆ ಹಾಕಿದ್ದೇ ತಡ, ನೋಡುಗರಿಗೆ ನಡೆಯುವ ಮನುಷ್ಯ ಕಂಡ.

ಆದರೆ ಅಲುಗಾಟದಿಂದ ಸಿಗುವುದು ಸುಳಿವು ಮಾತ್ರ. ಕೊಕ್ಕು, ಕಾಲುಗಳ ಬಣ್ಣ ತಿಳಿಯಬೇಕಾದರೆ ಬಿಂಬ ಅಕ್ಷಿಪಟಲದ ನಟ್ಟನಡುವಿನ ಪುಟ್ಟ ಗುಳಿಯಲ್ಲಿ ಹೆಚ್ಚು ಜಾರದೆ ನಿಲ್ಲಬೇಕು. ಹಕ್ಕಿಯ ವೇಗ ಹೆಚ್ಚಿದಂತೆ ಕಣ್ಣು ಹಿಂದೆ ಬೀಳುತ್ತದೆ, ವಿವರ ಕಲಸಿಹೋಗುತ್ತದೆ.

ಹಾಗಾಗಿ ಹೊಸಬರಿಗೆ ನಾನು ಹೇಳುವುದಿಷ್ಟು: ಬೈನಾಕ್ಯುಲರಿಗೆ ಅವಸರಪಡಬೇಡಿ. ಅದು ಕೆರೆಯ ಒಂದು ತುಣುಕನ್ನಷ್ಟೇ ತೋರಿಸುತ್ತದೆ. ಅಲುಗಾಟಕ್ಕೆ ಚುರುಕಾಗಿ ಎಚ್ಚರಗೊಳ್ಳುವ ಕಡೆಗಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ನಡೆಯುತ್ತ ಹುಡುಕಲೂ ಬೇಡಿ. ನಾವು ನಡೆದರೆ ಕಲ್ಲು, ಹುಲ್ಲು, ಪೊದೆ ಎಲ್ಲವೂ ಕಣ್ಣೊಳಗೆ ಸರಿಯುತ್ತವೆ, ಹಕ್ಕಿಯ ಸಣ್ಣ ಮಿಸುಕಾಟ ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಏರಿಯ ಮೇಲೆ ಒಂದೆಡೆ ಕೂತು ಬರಿಗಣ್ಣಲ್ಲಿ ದಡವನ್ನು ನೋಡಿ. ಏನಾದರೂ ಮಿಸುಕಿದರೆ ಪಕ್ಕದ ಕಲ್ಲನ್ನೋ ಜೊಂಡನ್ನೋ ಗುರುತಿಟ್ಟುಕೊಂಡು, ಅದು ನಿಂತ ಮೇಲೆ ಬೈನಾಕ್ಯುಲರ್ ಎತ್ತಿ. ಸುಮ್ಮನೆ ಕೂತವರಿಗೆ ಬಕವೂ ಅಷ್ಟಾಗಿ ಬೆದರುವುದಿಲ್ಲ. ಅದು ಮೀನಿಗೆ ಹೊಂಚುತ್ತ ನಿಂತಷ್ಟು ಹೊತ್ತೂ ಹಳದಿ ಕೊಕ್ಕಿನ ಕಪ್ಪು ತುದಿಯನ್ನು, ಹಸಿರು-ಹಳದಿ ಕಾಲನ್ನು ಬಿಡುವಾಗಿ ನೋಡಬಹುದು.